ಕಾಲೇಜು ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳೋಕೆ ಜಾಗ ಎಲ್ಲಿದೆ?

ಮಲೆನಾಡ ಮೇಷ್ಟ್ರು:
ತಾಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ. ಸಂವಿಧಾನ ದಿನ, ಮತದಾರರ ದಿನ, ಅಂಬೇಡ್ಕರ್ ಜಯಂತಿ ಎಲ್ಲ ನಮ್ಮಲ್ಲೂ ಆಗುತ್ತೆ. ಹೇಗಾಗುತ್ತೆ ಅಂತ ಬಿಡಿಸಿ ಹೇಳ್ಬೇಕಾ? ಕಾರ್ಡಲ್ಲಿ ಹತ್ತೂವರೆ, ಶುರುವಾಗೋದು ಹನ್ನೊಂದೂಕಾಲು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಹಚ್ಚೋಕೆ ಹೋದರೆ ಬೆಂಕಿಪೊಟ್ಟಣ ಸಿಗಲ್ಲ, ಉದ್ಘಾಟನಾ ನುಡಿ, ಮುಖ್ಯ ಅತಿಥಿಗಳಿಂದ ಎರಡು ಮಾತು (ಎರಡೇ ಅಂತೆ). ವಿಶೇಷ ಉಪನ್ಯಾಸಕರ ಕೈಗೆ ಮೈಕ್ ಸಿಗೋ ಹೊತ್ತಿಗೆ ಹನ್ನೆರಡೂವರೆ. ಅವರು "ಸಮಯದ ಅಭಾವದಿಂದ" ಅಂತಲೇ ಬಾಯಿ ತೆಗೀತಾರೆ.

ಕಳೆದ ಸಲ ಎರಡನೇ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. ನಿರೂಪಕರು "ಪ್ರಶ್ನೆಗಳಿದ್ದರೆ ಊಟದ ಸಮಯದಲ್ಲಿ ವೈಯಕ್ತಿಕವಾಗಿ ಕೇಳಿಕೊಳ್ಳಿ" ಅಂದು ವಂದನಾರ್ಪಣೆಗೆ ಹೋಗಿಬಿಟ್ಟರು. ಏನಮ್ಮ ಕೇಳಬೇಕಿತ್ತು ಅಂದೆ ಆಮೇಲೆ. "ಗ್ರಾಮಸಭೇಲಿ ನಮ್ಮಮ್ಮ ಚರಂಡಿ ವಿಷಯ ಮಾತಾಡಿದ್ರು ಸರ್, ಅದು ಪುಸ್ತಕದಲ್ಲಿ ಬರೆದಿದಾರೋ ಇಲ್ವೋ ನೋಡೋದು ಹೇಗೆ?" ಅವತ್ತಿನ ವಿಷಯ "ಪ್ರಜಾಪ್ರಭುತ್ವದಲ್ಲಿ ಯುವಜನರ ಪಾತ್ರ".

ಅರ್ಧ ದಿನ ಪೂರ್ತಿ ಪ್ರಶ್ನೆ-ಉತ್ತರ-ವಾದಕ್ಕೇ ಮೀಸಲಾದ ಸಭೆ ಮಾಡಬೇಕು ಅಂತಿದೆ. ಯಾರಾದರೂ ಮಾಡಿದ್ದೀರಾ? ಮಾಡಿ ಕೈ ಸುಟ್ಟುಕೊಂಡಿದ್ದರೆ ಅದನ್ನೂ ಹೇಳಿ.

ಖಾರಾಪುರಿ:
ನೆನಪಿನ ಕಾಣಿಕೆ ಬಿಟ್ಟಿರಲ್ಲ ಸರ್. ವಿವೇಕಾನಂದರು ಕೈಕಟ್ಟಿ ನಿಂತಿರೋ ಫೋಟೋ ಫ್ರೇಮು. ನಮ್ಮ ಚಿಕ್ಕಪ್ಪ ರಿಟೈರ್ಡ್ ಪ್ರೊಫೆಸರ್ರು, ಅವರ ಅಟ್ಟದ ತುಂಬ ಅದೇ.

ಬಿಕಾಂ ಫೈನಲ್:
ನಿಮಗೆ ವೇದಿಕೆ ಮೇಲಿಂದ ಕಾಣೋದು ಅದು. ಕೆಳಗೆ ಏನಾಗುತ್ತೆ ನಾನು ಹೇಳ್ತೀನಿ. ಬಾಗಿಲಲ್ಲಿ ಒಬ್ಬ ಲೆಕ್ಚರರ್ ನಿಂತ್ಕೊಂಡು ಹಾಜರಾತಿ ತಗೋತಾರೆ, ಹೊರಗೆ ಬಿಡಲ್ಲ. ಮುಂದಿನ ಎರಡು ಸಾಲು ಖಾಲಿ ಇದ್ರೆ ಬೈದು ಎಬ್ಬಿಸಿ ಕೂರಿಸ್ತಾರೆ. ಫೋಟೋಗೆ. ಭಾಷಣ ಶುರುವಾದ್ಮೇಲೆ ಎಲ್ಲರ ತಲೆ ಮೊಬೈಲಲ್ಲಿ. ಯಾರಾದ್ರೂ ಪ್ರಶ್ನೆ ಕೇಳಿದ್ರೆ "ಇವ್ಳಿಗ್ಯಾಕೆ ಬೇಕು, ಲೇಟಾಗುತ್ತೆ" ಅಂತ ನಮ್ಮವ್ರೇ ಗೊಣಗ್ತಾರೆ. ಮೊದಲು ಹಾಜರಾತಿ ನಿಲ್ಲಿಸಿ. ಬೇಕಾದವ್ರು ಬರಲಿ.

ಆನ್ ಆರ್ಬರ್ ಕನ್ನಡಿಗ:
ಮೇಷ್ಟ್ರೇ, ನೀವು ಕೇಳ್ತಿರೋದನ್ನ ಇಲ್ಲಿ ಟೀಚ್-ಇನ್ ಅಂತಾರೆ. ಮೊದಲನೆಯದು ನಡೆದದ್ದು ನಮ್ಮೂರಲ್ಲೇ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಆ ಏಂಜೆಲ್ ಹಾಲ್ ಮುಂದೆಯೇ ದಿನಾ ಓಡಾಡ್ತೀನಿ.

1965ರ ಮಾರ್ಚ್‌ನಲ್ಲಿ ಅಮೆರಿಕ ಉತ್ತರ ವಿಯೆಟ್ನಾಂ ಮೇಲೆ ಸತತ ಬಾಂಬ್ ದಾಳಿ ಶುರು ಮಾಡ್ತು. ಇಲ್ಲಿನ ಕೆಲವು ಅಧ್ಯಾಪಕರು ಒಂದು ದಿನ ಪಾಠ ನಿಲ್ಲಿಸಿ ಪ್ರತಿಭಟಿಸ್ತೀವಿ ಅಂದರು. ಗವರ್ನರ್, ಶಾಸನಸಭೆ, ವಿಶ್ವವಿದ್ಯಾಲಯದ ಆಡಳಿತ ಎಲ್ಲರೂ ತಿರುಗಿಬಿದ್ದರು: ಸರ್ಕಾರದ ಸಂಬಳ ತಗೊಂಡು ಪಾಠ ನಿಲ್ಲಿಸ್ತಾರಾ ಅಂತ. ಆಗ ಮಾನವಶಾಸ್ತ್ರದ ಮಾರ್ಷಲ್ ಸಾಲಿನ್ಸ್ ಕೊಟ್ಟ ಉಪಾಯ ಬಹಳ ಚುರುಕಾದದ್ದು. ಪಾಠ ನಿಲ್ಲಿಸೋದು ಬೇಡ, ಜಾಸ್ತಿ ಪಾಠ ಮಾಡೋಣ, ರಾತ್ರಿ ಪೂರ್ತಿ. ಈಗ ಯಾರು ಏನಂತಾರೆ?

ಮಾರ್ಚ್ 24ರ ರಾತ್ರಿ ಎಂಟಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ ಎಂಟರವರೆಗೆ ನಡೀತು. 3000ಕ್ಕೂ ಹೆಚ್ಚು ಜನ. ಉಪನ್ಯಾಸ, ಆಮೇಲೆ ಬೇರೆ ಬೇರೆ ಕೋಣೆಗಳಲ್ಲಿ ಗುಂಪು ಚರ್ಚೆ. ಮಧ್ಯೆ ಬಾಂಬ್ ಇಟ್ಟಿದ್ದೀವಿ ಅಂತ ಬೆದರಿಕೆ ಬಂದು ಕಟ್ಟಡ ಖಾಲಿ ಮಾಡಬೇಕಾಯ್ತು, ಜನ ಆ ಚಳಿಯಲ್ಲಿ ಹೊರಗೆ ನಿಂತೇ ಮಾತು ಮುಂದುವರಿಸಿದರು. ಯುದ್ಧದ ಪರ ಇದ್ದ ವಿದ್ಯಾರ್ಥಿಗಳೂ ಬಂದಿದ್ದರು, ಜಗಳವೂ ಆಯ್ತು. ಮಾರ್ಚ್ ಕೊನೆಯ ಇಲ್ಲಿನ ಚಳಿ ಅಂದರೆ ನಿಮ್ಮ ಆಗುಂಬೆ ಚಳಿ ಅಲ್ಲ, ಗೊತ್ತಿರಲಿ.

ಇನ್ನೊಂದು ಸಂಗತಿ. ಆಗ ಹಾಸ್ಟೆಲ್ ಹುಡುಗಿಯರು ರಾತ್ರಿ ಇಂತಿಷ್ಟು ಹೊತ್ತಿಗೆ ಒಳಗಿರಬೇಕಿತ್ತು. ಆ ಒಂದು ರಾತ್ರಿಗೆ ಆ ನಿಯಮ ಸಡಿಲಿಸಿದರು. ಇಲ್ಲದಿದ್ದರೆ ಅರ್ಧ ಸಭೆಯೇ ಇರ್ತಿರಲಿಲ್ಲ.

ಬಿಕಾಂ ಫೈನಲ್:
1965ರಲ್ಲೇ ಸಡಿಲಿಸಿದ್ರಾ? ನಮ್ಮ ಹಾಸ್ಟೆಲಲ್ಲಿ ಈಗ್ಲೂ ಆರೂವರೆಗೆ ಗೇಟು.

ತುಳುನಾಡ ಕಾಗೆ:
ಕತೆ ಚೆನ್ನಾಗಿ ಉಂಟು. ಆದ್ರೆ ಒಂದು ಕೇಳ್ತೇನೆ ಮಾರಾಯ್ರೆ, ಅಲ್ಲಿ ಮೈಕ್ ಹಿಡಿದವರೆಲ್ಲ ಯುದ್ಧದ ವಿರುದ್ಧ ಇದ್ದವರೇ ಅಲ್ವಾ? ಅದು ಶಿಕ್ಷಣವಾ ಪ್ರಚಾರವಾ? ಜೆಎನ್‌ಯುನಲ್ಲಿ 2016ರಲ್ಲಿ ಆಡಳಿತ ಕಟ್ಟಡದ ಮೆಟ್ಟಿಲ ಮೇಲೆ ರಾಷ್ಟ್ರೀಯತೆ ಬಗ್ಗೆ ಸಾಲು ಸಾಲು ಉಪನ್ಯಾಸ ಆಯ್ತು, ಯೂಟ್ಯೂಬಲ್ಲಿ ನೋಡಿದ್ದೇನೆ. ಮಾತಾಡಿದವರು ಬುದ್ಧಿವಂತರೇ. ಆದ್ರೆ ನನ್ನಂಥವನ ಪ್ರಶ್ನೆ ಅಲ್ಲಿ ಯಾರೂ ಕೇಳ್ಲಿಲ್ಲ. ಆಚೆ ಪಕ್ಷದವರು ಮಾಡುವ "ಯುವ ಸಂವಾದ"ವೂ ಅಷ್ಟೆ, ಅಲ್ಲಿ ಇವರ ಪ್ರಶ್ನೆಗೆ ಜಾಗ ಇಲ್ಲ.

ಆನ್ ಆರ್ಬರ್ ಕನ್ನಡಿಗ:
ಕಾಗೆಯವರೇ, ನಿಮ್ಮ ಆಕ್ಷೇಪ ಅವತ್ತೇ ಎದ್ದಿತ್ತು. ಅದಕ್ಕೇ 1965ರ ಮೇ 15ಕ್ಕೆ ವಾಷಿಂಗ್ಟನ್‌ನಲ್ಲಿ ಎರಡೂ ಕಡೆಯವರನ್ನ ಕೂರಿಸಿ ರಾಷ್ಟ್ರಮಟ್ಟದ ಟೀಚ್-ಇನ್ ಇಟ್ಟರು. ಸರ್ಕಾರದ ಪರ ಅಧ್ಯಕ್ಷರ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಬರಬೇಕಿತ್ತು. ಕೊನೇ ಗಳಿಗೆಯಲ್ಲಿ ಬರಲಿಲ್ಲ. ಎರಡೂ ಕಡೆ ಕರೆಯೋದು ಸುಲಭ, ಕುರ್ಚಿ ತುಂಬೋದು ಕಷ್ಟ.

ಹಳೇ ಮೈಸೂರು:
ಅಮೆರಿಕಕ್ಕೆ ಯಾಕೆ ಹೋಗ್ತೀರಿ? ಬಸವನಗುಡಿ ನ್ಯಾಷನಲ್ ಕಾಲೇಜಿಗೆ ಹೋಗಿ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಬುಧವಾರ ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು, ಕೇಳಬಹುದು. ಎಪ್ಪತ್ತರ ದಶಕದಲ್ಲಿ ನಾನು ಹುಡುಗನಾಗಿ ಹೋಗ್ತಿದ್ದೆ. ಹಿಂದಿನ ಸಾಲಲ್ಲಿ ಪಂಚೆ ಉಟ್ಟ ಒಬ್ಬರು ಅಂಗಡಿಯವರು ಕೂರೋರು, ದೊಡ್ಡ ದೊಡ್ಡ ವಿಜ್ಞಾನಿಗಳಿಗೆ "ಅದರಿಂದ ನಮಗೇನು ಉಪಯೋಗ ಸ್ವಾಮಿ" ಅಂತ ಕೇಳೋರು. ಯಾರೂ ನಗ್ತಿರಲಿಲ್ಲ.

ಅದೇ ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದರು. ಪುಟ್ಟಪರ್ತಿ ಬಾಬಾಗೇ ಸವಾಲು ಹಾಕಿದರು. ಈಗಿನ ಯಾವ ಕುಲಪತಿಗೆ ಆ ಧೈರ್ಯ ಇದೆ ಹೇಳಿ.

ಅದಕ್ಕೂ ಹಿಂದೆ, ಸ್ವಾತಂತ್ರ್ಯ ಬರೋಕೆ ಮೊದಲೇ, ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಅಂತ ಇತ್ತು. ಪ್ರೊಫೆಸರ್‌ಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಅರ್ಥಶಾಸ್ತ್ರ, ವಿಜ್ಞಾನ ಎಲ್ಲ ಹೇಳಿ ಬರೋರು, ಆಮೇಲೆ ಅದೇ ಸಣ್ಣ ಪುಸ್ತಕವಾಗಿ ಕಡಿಮೆ ಬೆಲೆಗೆ ಬರೋದು. ನಮ್ಮ ತಂದೆ ಹತ್ತಿರ ಒಂದು ಕಟ್ಟು ಇತ್ತು.

ಓದು ಮೊದಲು:
ಎಲ್ಲರೂ ಒಂದೇ ರಾಗ ಹಾಡ್ತಿದ್ದೀರಿ, ಹಾಗಾಗಿ ನಾನು ಬೇರೆ ಮಾತು ಹೇಳ್ತೀನಿ. ನಾನು ಎಂಬತ್ತರ ದಶಕದಲ್ಲಿ ಕಾಲೇಜು ಓದಿದವನು. ಯೂನಿಯನ್ ಚುನಾವಣೆ ಅಂದರೆ ಜೀಪು, ಹಣ, ಸೈಕಲ್ ಚೈನು, ಜಾತಿ ಲೆಕ್ಕ. ನನ್ನ ರೂಮ್‌ಮೇಟ್ ತಲೆ ಒಡೆಸಿಕೊಂಡು ಆಸ್ಪತ್ರೆ ಸೇರಿದ. 1989ರಿಂದ ಕರ್ನಾಟಕದಲ್ಲಿ ಆ ಚುನಾವಣೆ ನಿಂತದ್ದು ಸುಮ್ಮನೆ ಅಲ್ಲ. ಈಗ "ಚರ್ಚೆ" ಅಂತ ಶುರುವಾಗೋದು ನಾಳೆ ಬಾವುಟ ಆಗುತ್ತೆ, ನಾಡಿದ್ದು ಕಲ್ಲಾಗುತ್ತೆ. ಬಡವರ ಮಕ್ಕಳು ಅವು. ಓದಿ ಒಂದು ಕೆಲಸ ಹಿಡಿಯಲಿ. ಕೇಸು ಬಿದ್ದರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ನಿಲ್ಲೋದು ಯಾರ ಮಗ? ಭಾಷಣ ಮಾಡಿದ ಪ್ರೊಫೆಸರ್ ಮಗ ಅಲ್ಲ.

ವಕೀಲ ಸಾಹೇಬ:
ನಿಮ್ಮ ಭಯ ಸುಳ್ಳಲ್ಲ. ಆದರೆ 1989ರ ಇನ್ನೊಂದು ಸಂಗತಿ ಪಕ್ಕದಲ್ಲಿಟ್ಟು ನೋಡಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಅದೇ ವರ್ಷ ಮಾರ್ಚ್ 28ರಿಂದ, 61ನೇ ತಿದ್ದುಪಡಿಯಿಂದ. ಅಂದರೆ ಪಿಯುಸಿ ಮುಗಿಸಿದ ಹುಡುಗ ದೇಶದ ಪ್ರಧಾನಿ ಯಾರಾಗಬೇಕು ಅಂತ ಹೇಳಬಹುದು, ಕಾಲೇಜಿನ ಕುಡಿಯೋ ನೀರಿನ ಬಗ್ಗೆ ಪ್ರತಿನಿಧಿ ಆರಿಸೋ ಹಾಗಿಲ್ಲ. ಸೈಕಲ್ ಚೈನಿಗೆ ಮದ್ದು ಅಂತ, ವಿದ್ಯಾರ್ಥಿ ಸಂಘದ ಚುನಾವಣೆ ಹೇಗಿರಬೇಕು ಅಂತ ಹೇಳೋಕೆ ನೇಮಿಸಿದ್ದ ಲಿಂಗ್ಡೋ ಸಮಿತಿ 2006ರಲ್ಲೇ ಬರೆದುಕೊಟ್ಟಿದೆ. ಒಬ್ಬ ಅಭ್ಯರ್ಥಿಗೆ ಖರ್ಚು 5000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಕೂಡದು, ಶೇಕಡಾ 75ರಷ್ಟು ಹಾಜರಾತಿ ಬೇಕು. ಸುಪ್ರೀಂ ಕೋರ್ಟ್ ಒಪ್ಪಿದ ಶಿಫಾರಸು.

ಓದು ಮೊದಲು:
5000 ರೂಪಾಯಿ! ನಮ್ಮೂರಲ್ಲಿ ಸೊಸೈಟಿ ಚುನಾವಣೆಗೆ ಬಾಡೂಟಕ್ಕೇ ಎಷ್ಟಾಗುತ್ತೆ ಗೊತ್ತಾ?

ಖಾರಾಪುರಿ:
ಯಾವೂರು ಸರ್? ಮುಂದಿನ ಚುನಾವಣೆ ಯಾವಾಗ?

ಬೆಳವಲದ ಹೈದ:
ಸರ, ನಮ್ಮ ಗದಗಿನ ತೋಂಟದಾರ್ಯ ಮಠದಾಗ ಸೋಮವಾರಕ್ಕೊಮ್ಮೆ ಶಿವಾನುಭವ ಆಗ್ತದ. ಹೆಸರು ಶಿವಾನುಭವ, ಆದ್ರ ವಿಷಯ ಕೃಷಿ ಇರಬಹುದು, ಆರೋಗ್ಯ ಇರಬಹುದು, ಪುಸ್ತಕ ಇರಬಹುದು. ವಾರ ತಪ್ಪಸಂಗಿಲ್ಲ, ಅದೇ ಅದರ ಗುಟ್ಟು. ವರ್ಷಕ್ಕೊಮ್ಮೆ ಜಯಂತಿ ಮಾಡಿ ಕೈ ತೊಳ್ಕೊಂಡ್ರ ಹುಡುಗ್ರಿಗೆ ಪ್ರಶ್ನೆ ಕೇಳೋ ರೂಢಿ ಎಲ್ಲಿಂದ ಬರಬೇಕ್ರಿ?

2019ರ ಆಗಸ್ಟ್‌ದಾಗ ಸಾಣೇಹಳ್ಳಿ ಸ್ವಾಮಿಗಳು "ಮತ್ತೆ ಕಲ್ಯಾಣ" ಅಂತ ರಾಜ್ಯದ ತುಂಬ ಅಡ್ಡಾಡಿದ್ರಲ್ಲ, ಅದರಾಗ ವಿದ್ಯಾರ್ಥಿಗಳ ಕೂಡ ಸಂವಾದ ಅಂತ ಬ್ಯಾರೇನ ಇಟ್ಟಿದ್ರು. ಹುಡುಗ್ರು ಜಾತಿ, ಮೂಢನಂಬಿಕೆ ಬಗ್ಗೆ ಸ್ವಾಮಿಗಳನ್ನ ಮುಖಕ್ಕ ಮುಖ ಕೊಟ್ಟು ಕೇಳಿದ್ರು. ಸಂಜಿಮುಂದ ಸಾರ್ವಜನಿಕ ಸಭಾ, ಅಲ್ಲಿ ಹಾರ-ತುರಾಯಿ. ನನಗ ನೆನಪುಳಿದಿದ್ದು ಸಂವಾದ.

ಎನ್ನೆಸ್ಸೆಸ್ ಹಳಬ:
ಏಳು ದಿನದ ಎನ್ನೆಸ್ಸೆಸ್ ಶಿಬಿರವನ್ನ ಯಾರೂ ನೆನಪು ಮಾಡಲಿಲ್ಲವಲ್ಲ. ಬೆಳಿಗ್ಗೆ ಶ್ರಮದಾನ, ಸಂಜೆ ಊರಿನ ಶಾಲೆ ಅಂಗಳದಲ್ಲಿ ಉಪನ್ಯಾಸ. ನಮ್ಮ ಶಿಬಿರದಲ್ಲಿ ಒಂದು ಸಂಜೆ "ಜಲ ಸಂರಕ್ಷಣೆ". ಬಂದವರು ಸ್ಲೈಡ್ ಹಾಕಿ ಚೆನ್ನಾಗೇ ಹೇಳಿದರು. ಮುಗಿದ ಮೇಲೆ ಊರಿನ ಒಬ್ಬ ಅಜ್ಜ ಎದ್ದು, "ಎಲ್ಲಾ ಸರಿ ಬುದ್ಧಿ, ಬಾವಿ ಇರೋ ಜಮೀನು ಅಣ್ಣತಮ್ಮಂದ್ರ ಜಂಟಿ ಖಾತೇಲಿದೆ, ಅಳತೆ ಮಾಡಿ ಪಾಲು ಬೇರೆ ಮಾಡೋ ಪೋಡಿ ಆಗಿಲ್ಲ, ನಾನು ಇಂಗುಗುಂಡಿ ಎಲ್ಲಿ ತೋಡ್ಲಿ?" ಅಂದರು. ಉಪನ್ಯಾಸಕರು ಅದು ನನ್ನ ವಿಷಯವಲ್ಲ ಅಂತ ನಕ್ಕರು. ನಮ್ಮ ಪ್ರೋಗ್ರಾಂ ಆಫೀಸರ್ ನಗಲಿಲ್ಲ. ಮಾರನೇ ಸಂಜೆಯ ವಿಷಯವನ್ನೇ ಬದಲಾಯಿಸಿ ತಾಲೂಕು ಕಚೇರಿಯಿಂದ ಒಬ್ಬ ಸರ್ವೇಯರ್‌ನ ಹಿಡಿದು ತಂದರು. ಅವತ್ತು ರಾತ್ರಿ ಹತ್ತೂವರೆಯಾದರೂ ಜನ ಏಳಲಿಲ್ಲ. ಪಹಣಿ ಕಾಲಂ ಓದೋದನ್ನ ನಾನು ಕಲಿತದ್ದು ಅಲ್ಲಿ. ಪದವಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹಳೇ ಮೈಸೂರು:
ಇಂಥ ಸಭೆಗಳ ಬಗ್ಗೆ ಮಾತಾಡುವಾಗ 1973ರ ನವೆಂಬರ್ ಮರೀಬಾರದು. ಮೈಸೂರಲ್ಲಿ ಒಂದು ವಿಚಾರ ಸಂಕಿರಣ. ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರೂರಲ್ಲಿ ಗಲಾಟೆ, ಹಾಸ್ಟೆಲಿನಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯ್ತು. ಆ ಹೊಡೆತ ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು, ಬರೆದರು, ಮೇಷ್ಟ್ರಾದರು. "ಚರ್ಚೆಯಿಂದ ಕಲ್ಲು" ಅನ್ನೋರಿಗೆ ಹೇಳ್ತೀನಿ, ಅವತ್ತು ಕಲ್ಲು ಹೊಡೆದವರು ಚರ್ಚೆ ಮಾಡಿದವರಲ್ಲ. ಚರ್ಚೆ ಬೇಡ ಅಂದವರು.

ಓದು ಮೊದಲು:
ನಾನು ಹೇಳಿದ್ದಕ್ಕೂ ಅದಕ್ಕೂ ಏನು ಸಂಬಂಧ? ಅವತ್ತು ಏಟು ತಿಂದದ್ದೂ ಬಡವರ ಮಕ್ಕಳೇ ಅಲ್ವಾ? ನನ್ನ ಮಾತೇ ಅದು.

ಹಳೇ ಮೈಸೂರು:
ಹೌದು. ಮನೇಲಿ ಕೂತಿದ್ದರೂ ಏಟು ಬೀಳ್ತಿತ್ತು ಅವರಿಗೆ. ಇದನ್ನ ನಿಮಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ.

ವಕೀಲ ಸಾಹೇಬ:
ಇಬ್ಬರೂ ಒಂದು ಲೋಟ ನೀರು ಕುಡಿದು ಬನ್ನಿ. ಮೇಷ್ಟ್ರಿಗೆ ಎರಡು ಕಾನೂನಿನ ಮಾತು.

ನೀವು ಸರ್ಕಾರಿ ನೌಕರರು. 2021ರ ನಡತೆ ನಿಯಮಗಳ ಪ್ರಕಾರ ಸರ್ಕಾರದ ನೀತಿಯನ್ನ ನೀವು ಬಹಿರಂಗವಾಗಿ ಟೀಕಿಸೋ ಹಾಗಿಲ್ಲ. ಹಾಗಾಗಿ ಅಭಿಪ್ರಾಯ ನಿಮ್ಮದಾಗೋದು ಬೇಡ. ನೀವು ನಡೆಸಿಕೊಡಿ, ಅಂಕಿಅಂಶ ಮುಂದಿಡಿ, ಮಾತಾಡೋರು ವಿದ್ಯಾರ್ಥಿಗಳು. ಚುನಾವಣಾ ಆಯೋಗದ ಮತದಾರರ ಸಾಕ್ಷರತಾ ಸಂಘ ನಿಮ್ಮ ಕಾಲೇಜಲ್ಲೂ ಕಾಗದದ ಮೇಲಾದರೂ ಇರುತ್ತೆ. ಅದರ ಹೆಸರಲ್ಲಿ ಮಾಡಿ, ಯಾರೂ ತಕರಾರು ತೆಗೆಯಲ್ಲ. ನೀತಿ ಸಂಹಿತೆ ಇರೋ ದಿನಗಳಲ್ಲಿ ಮಾತ್ರ ಇಟ್ಕೋಬೇಡಿ.

ಆ ಹುಡುಗಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಆಶ್ಚರ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಅದರ ನಡಾವಳಿ ಸಾರ್ವಜನಿಕ ದಾಖಲೆ. ಪಂಚಾಯ್ತಿಯಲ್ಲಿ ಬಾಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ, 10 ರೂಪಾಯಿ ಶುಲ್ಕ, ಬಿಪಿಎಲ್ ಆದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಹುಡುಗಿ ಕೈಯಲ್ಲೇ ಬರೆಸಿ. ಅದೇ ಒಂದು ಕಾರ್ಯಕ್ರಮ.

ಮಲೆನಾಡ ಮೇಷ್ಟ್ರು:
ವಕೀಲರಿಗೆ ದೊಡ್ಡ ನಮಸ್ಕಾರ. ಅರ್ಜಿ ನಾಳೆಯೇ ಬರೆಸ್ತೀನಿ.

ರಾತ್ರಿ ಸಭೆ ನಮ್ಮಲ್ಲಿ ಆಗದ ಮಾತು. ಹಳ್ಳಿ ಕಡೆ ಕೊನೇ ಬಸ್ಸು ಐದೂಮುಕ್ಕಾಲಿಗೆ. ಶನಿವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಅಂತ ಯೋಚನೆ. ವಿಷಯ ಶಕ್ತಿ ಯೋಜನೆ. ಎಲ್ಲರ ಮೈಮೇಲೆ ದಿನಾ ನಡೆಯೋ ವಿಷಯ, ಪರ-ವಿರೋಧ ಎರಡೂ ತರಗತಿಯಲ್ಲೇ ಇದೆ. ಹುಡುಗಿಯರು ಆಧಾರ್ ತೋರಿಸಿ ಓಡಾಡ್ತಾರೆ, ಹುಡುಗರು ಪಾಸಿಗೆ ದುಡ್ಡು ಕಟ್ಟಿ ಫುಟ್‌ಬೋರ್ಡಲ್ಲಿ ನೇತಾಡ್ತಾರೆ. ಪ್ರಶ್ನೆ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬಹುದು, ಹೆಸರು ಬೇಡ. ಒಬ್ಬರಿಗೆ ಮೂರು ನಿಮಿಷ.

ತುಳುನಾಡ ಕಾಗೆ:
ಶಕ್ತಿ ಯೋಜನೆ ನಮ್ಮ ಕಡೆ ಇಟ್ರೆ ಚರ್ಚೆ ಐದು ನಿಮಿಷಕ್ಕೆ ಮುಗೀತದೆ. ಇಲ್ಲಿ ಓಡುವುದು ಬಹುಪಾಲು ಪ್ರೈವೇಟ್ ಬಸ್ಸು, ಟಿಕೆಟ್ ತೆಗೀಲೇಬೇಕು. ನಮ್ಮ ಹುಡುಗಿಯರ ಪ್ರಶ್ನೆಯೇ ಬೇರೆ ಆಗ್ತದೆ: ತೆರಿಗೆ ನಮ್ಮದೂ ಉಂಟು, ಬಸ್ಸು ಎಲ್ಲಿ? ಅದನ್ನೂ ಒಂದು ಚೀಟಿ ಮಾಡಿ ಹಾಕಿ. ಕಾಗೆ ಕಳಿಸಿದ್ದು ಅಂತ ಹೇಳುವುದು ಬೇಡ.

ಬಿಕಾಂ ಫೈನಲ್:
ಚೀಟಿ ಒಳ್ಳೇದು. ಆದ್ರೆ ಚೀಟಿ ಆರಿಸೋರು ಲೆಕ್ಚರರ್ ಆದ್ರೆ ಏನೂ ಉಪಯೋಗ ಇಲ್ಲ, ಕಷ್ಟದ್ದೆಲ್ಲ ಜೇಬಿಗೆ ಹೋಗುತ್ತೆ. ಡಬ್ಬದಿಂದ ಕೈ ಹಾಕಿ ತೆಗೆದು ಅಲ್ಲೇ ಜೋರಾಗಿ ಓದ್ಬೇಕು. ಓದೋಳು ಹುಡುಗಿ ಆಗ್ಲಿ.

ಓದು ಮೊದಲು:
ಬಸ್ಸಿನ ವಿಷಯ ಪರವಾಗಿಲ್ಲ. ಡಿಪೋ ಮ್ಯಾನೇಜರ್‌ನ ಕರೆಯಿರಿ, ಇನ್ನೊಂದು ಟ್ರಿಪ್ ಯಾಕೆ ಬಿಡಲ್ಲ ಅಂತ ಎಲ್ಲರೆದುರು ಹೇಳಲಿ. ಇಂಥದ್ದಾದರೆ ನನ್ನ ತಕರಾರಿಲ್ಲ. ಬಾವುಟ ಮಾತ್ರ ಬೇಡ.

ಬೆಳವಲದ ಹೈದ:
ಡಿಪೋ ಮ್ಯಾನೇಜರ್ ಬರ್ತಾರಂತ ತಿಳ್ಕೊಂಡೀರೇನ್ರಿ? ಅವರೂ ಬಂಡಿಯವರಂಗ ಕೊನೀ ಗಳಿಗಿಗೆ ಕೈ ಕೊಡ್ತಾರ. ಕಂಡಕ್ಟರ್ನ ಕರೀರಿ. ಬೈಗಳ ತಿನ್ನಾಂವ ಅಂವ, ಖರೇ ಹೇಳಾಂವನೂ ಅಂವ.

ವಕೀಲ ಸಾಹೇಬ:
ಒಂದು ತೊಡಕು. ನಿಮ್ಮ ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅವರ ಹೆಸರಿಲ್ಲದೆ ಕಾರ್ಯಕ್ರಮ ಮಾಡಿದರೆ ನಿಮ್ಮ ಪ್ರಿನ್ಸಿಪಾಲರಿಗೆ ಫೋನ್ ಬರುತ್ತೆ.

ಮಲೆನಾಡ ಮೇಷ್ಟ್ರು:
ಅದಕ್ಕೇ ಕಾರ್ಡೇ ಮಾಡಿಸಲ್ಲ. ವೇದಿಕೆಯೂ ಇಲ್ಲ, ಕುರ್ಚಿ ಸುತ್ತ ಹಾಕ್ತೀವಿ. ಶಾಸಕರು ಬಂದರೆ ಸಂತೋಷ, ಬೆಂಚಲ್ಲಿ ಕೂರಲಿ. ಅವರಿಗೂ ಮೂರೇ ನಿಮಿಷ.

ಖಾರಾಪುರಿ:
ಕಾರ್ಡಿಲ್ಲದೆ ಶಾಸಕರು ಬರಲ್ಲ, ಶಾಸಕರಿಲ್ಲದೆ ಪ್ರಿನ್ಸಿಪಾಲ್ ಬರಲ್ಲ, ಪ್ರಿನ್ಸಿಪಾಲ್ ಹೇಳದೆ ಹಾಲ್ ಬಾಗಿಲು ತೆಗೆಯಲ್ಲ. ಬೀಗದ ಕೈ ಯಾರ ಹತ್ರ ಇದೆ, ಮೊದಲು ಅದನ್ನ ನೋಡ್ಕೊಳ್ಳಿ ಸರ್.

ಮಲೆನಾಡ ಮೇಷ್ಟ್ರು:
ಅಟೆಂಡರ್ ಹತ್ರ. ಅವರ ಮಗಳು ನನ್ನ ತರಗತೀಲೇ ಇದಾಳೆ, ಶನಿವಾರದ್ದು ಅವಳಿಗೆ ಆಗಲೇ ಗೊತ್ತು.